ಸೊಟೆರ್ನ್ ಜತೆಗೆ ಉಪ್ಪು, ಜಿಡ್ಡು: ನನ್ನ ಅನುಭವ

ಸಿಹಿ ವೈನ್ ಎಂದಾಕ್ಷಣ ಊಟದ ಕೊನೆಗೆ, ಸಿಹಿತಿಂಡಿಯ ಪಕ್ಕಕ್ಕೆ ಇಡುವುದು ಹೆಚ್ಚಿನವರ ರೂಢಿ. ಫ್ರಾನ್ಸಿನ ಸಿಹಿ ಬಿಳಿ ವೈನ್ ಸೊಟೆರ್ನ್ ರುಚಿಗೆಡುವುದೇ ಅಲ್ಲಿ. ಹೋಳಿಗೆ ತಿಂದ ಬಾಯಿಗೆ ಸಕ್ಕರೆ ಹಾಕಿದ ಕಾಫಿಯೂ ಸಪ್ಪೆ ಎನಿಸುತ್ತದಲ್ಲ, ಹಾಗೆ. ತಿಂಡಿ ವೈನಿಗಿಂತ ಸಿಹಿಯಾಗಿದ್ದರೆ ವೈನಿನಲ್ಲಿ ಹುಳಿ ಮತ್ತು ಮದ್ಯದ ಖಾರವಷ್ಟೇ ಉಳಿಯುತ್ತದೆ.

ಈ ವೈನ್ ತಯಾರಾಗುವ ಸೀಮೆಯಲ್ಲಿ, ಬೋರ್ಡೊ ನಗರದಿಂದ ಆಗ್ನೇಯಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ತಣ್ಣನೆಯ ಸಿರೊನ್ ಹೊಳೆ ಬೆಚ್ಚಗಿನ ಗಾರೊನ್ ನದಿಗೆ ಸೇರುವ ಕಡೆ, ಶರತ್ಕಾಲದ ಬೆಳಗುಗಳಲ್ಲಿ ಮಂಜು ಕವಿಯುತ್ತದೆ. ಆ ತೇವಕ್ಕೆ ಸೆಮಿಯೊನ್ ದ್ರಾಕ್ಷಿಗೆ ಬೊಟ್ರೈಟಿಸ್ ಬೂಷ್ಟು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲು ಹಣ್ಣು ಕೊಳೆಯಲು ಬಿಡುವುದಿಲ್ಲ. ಸಿಪ್ಪೆ ತೂತಾಗಿ ನೀರು ಆರಿ, ಸಕ್ಕರೆಯೂ ಹುಳಿಯೂ ಸಾಂದ್ರವಾಗುತ್ತವೆ. ಲೀಟರಿಗೆ 120ರಿಂದ 150 ಗ್ರಾಂ ಸಕ್ಕರೆ ಇದ್ದರೂ ಬಾಯಿಗೆ ಅಂಟದಿರುವುದು ಆ ಹುಳಿಯಿಂದ. ಜಿಡ್ಡನ್ನು ಕತ್ತರಿಸುವುದೂ ಅದೇ.

375 ಮಿ.ಲೀ. ಬಾಟಲಿ ಆರು ಜನಕ್ಕೆ ಸಾಕು, ಒಬ್ಬರಿಗೆ 60 ಮಿ.ಲೀ. ನಾಲ್ಕು ಗಂಟೆ ಫ್ರಿಜ್‌ನಲ್ಲಿಟ್ಟು, ಬಡಿಸುವ 20 ನಿಮಿಷ ಮುಂಚೆ ಹೊರಗಿಡುತ್ತೇನೆ. 10-11 ಡಿಗ್ರಿಯಲ್ಲಿ ಏಪ್ರಿಕಾಟ್, ಜೇನು, ಕಿತ್ತಳೆ ಸಿಪ್ಪೆಯ ಪರಿಮಳ ಬಿಚ್ಚಿಕೊಳ್ಳುತ್ತದೆ. ಫ್ರಿಜ್‌ನಿಂದ ನೇರ ಸುರಿದರೆ ಮೂಗಿಗೆ ಏನೂ ಹತ್ತುವುದಿಲ್ಲ; 14 ದಾಟಿದರೆ ಪಾನಕದಂತಾಗುತ್ತದೆ. ಪುಟ್ಟ ಲಿಕರ್ ಗ್ಲಾಸು ಬೇಡ, ಮೂಗು ಇಳಿಯುವಷ್ಟು ಅಗಲದ್ದು ಬೇಕು.

ನಾನು ಮೊದಲು ಕೈಹಾಕುವುದು ರೋಕ್‌ಫೋರ್ ಚೀಸ್‌ಗೆ, ತಲೆಗೆ 25-30 ಗ್ರಾಂ. ಕುರಿಹಾಲಿನ, ನೀಲಿ ಬೂಷ್ಟಿನ ಈ ಚೀಸ್ ತಣ್ಣಗಿದ್ದರೆ ಬರೀ ಉಪ್ಪು. ಒಂದು ಗಂಟೆ ಹೊರಗಿಟ್ಟರೆ ಬೆಣ್ಣೆಯಂತೆ ಮೆದುವಾಗಿ, ನೀಲಿ ಗೆರೆಗಳ ಸುತ್ತ ತೇವ ಮಿನುಗುತ್ತದೆ. ಮೊದಲು ಚೀಸ್ ಅಗಿಯಬೇಕು, ಬಾಯಲ್ಲಿ ಅದರ ಪಸೆ ಇರುವಾಗಲೇ ವೈನ್ ಗುಟುಕರಿಸಬೇಕು. ಉಪ್ಪಿನ ಚುರುಕು ಇಳಿದು ಹಣ್ಣಿನ ರುಚಿ ಏಳುತ್ತದೆ. ಜತೆಗೆ ಸಾದಾ ಬ್ರೆಡ್ ಸಾಕು. ಮೇಲೆ ಜೇನು ಸುರಿಯುವುದು ಖಂಡಿತ ಬೇಡ, ಮತ್ತೆ ಅದೇ ಹೋಳಿಗೆ-ಕಾಫಿಯ ಪಾಡು.

ಫ್ರೆಂಚರ ಹಳೆಯ ಜೋಡಿ ಫ್ವಾಗ್ರಾ, ಅಂದರೆ ಕೊಬ್ಬಿಸಿದ ಬಾತುಕೋಳಿಯ ಯಕೃತ್ತು. ಭಾರತಕ್ಕೆ ಅದರ ಆಮದು 2014ರಿಂದ ನಿಷಿದ್ಧ. ಬದಲಿಗೆ 250 ಗ್ರಾಂ ಕೋಳಿ ಲಿವರ್ ಅನ್ನು ಈರುಳ್ಳಿಯೊಂದಿಗೆ ಪೂರ್ತಿ ಬೇಯಿಸಿ, ಉಗುರುಬೆಚ್ಚಗಾದ ಮೇಲೆ 125 ಗ್ರಾಂ ಬೆಣ್ಣೆ, ಉಪ್ಪು, ಕಾಳುಮೆಣಸು ಸೇರಿಸಿ ನುಣ್ಣಗೆ ರುಬ್ಬುತ್ತೇನೆ. ಲಿವರ್ ಬಿಸಿಯಿದ್ದಾಗಲೇ ಬೆಣ್ಣೆ ಹಾಕಿದರೆ ಕರಗಿ ಎಣ್ಣೆ ಬೇರೆಯಾಗುತ್ತದೆ. ಇದನ್ನು ಸೊಟೆರ್ನ್ ಜತೆ ಊಟದ ಮೊದಲಿಗೇ ಬಡಿಸಿದರೆ ಮುಂದಿನ ಡ್ರೈ (ಸಿಹಿಯಿಲ್ಲದ) ವೈನ್ ಹುಳಿಹುಳಿ ಎನಿಸುತ್ತದೆ. ನಡುವೆ ಒಂದು ಬಟ್ಟಲು ತಿಳಿ ಸೂಪ್ ಕೊಟ್ಟರೆ ಬಾಯಿ ಸರಿಹೋಗುತ್ತದೆ.

ಬೆಣ್ಣೆ ಸವರಿ ಹುರಿದ ಇಡೀ ಕೋಳಿಗೂ ಈ ವೈನ್ ಸೊಗಸಾಗಿ ಹೊಂದುತ್ತದೆ, ಗರಿಗರಿ ಚರ್ಮಕ್ಕಂತೂ ಇನ್ನೂ ಚೆನ್ನ. ಸಿಹಿಯೇ ಬೇಕೆಂದರೆ ಏಪ್ರಿಕಾಟ್ ಟಾರ್ಟ್: ಅರ್ಧ ಕೆ.ಜಿ. ಹಣ್ಣಿಗೆ 50 ಗ್ರಾಂ ಸಕ್ಕರೆ ಮೀರಬಾರದು. ಚಾಕೊಲೇಟ್ ಬೇಡ, ಅದರ ಕಹಿ ವೈನಿನ ಪರಿಮಳವನ್ನು ಮುಚ್ಚಿಬಿಡುತ್ತದೆ.

ಉಳಿದ ವೈನನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿ ನಿಲ್ಲಿಸಿಟ್ಟರೆ ಒಂದು ವಾರ ಚೆನ್ನಾಗಿರುತ್ತದೆ.