ಐದೂವರೆಗೆ ಮೊದಲು ಬಂದ ಹಾಲು

ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಹಾಲಿನ ಸೊಸೈಟಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟವನು ನಾನು. ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಹಾಕಿದರೆ ರೇಟು ಲೆಕ್ಕ ಹಾಕಿ ಕನ್ನಡ, ಮಲಯಾಳ ಎರಡರಲ್ಲೂ ಸ್ಲಿಪ್ ಕೊಡುತ್ತದೆ. ಸರ್ವರ್ ಅಂದರೆ ಒಳಕೋಣೆಯಲ್ಲಿರುವ ಸಣ್ಣ ಪಿಸಿ, ಪಕ್ಕದಲ್ಲಿ ಒಂದು ಯುಪಿಎಸ್.

ಒಂದು ತುಲಾ ತಿಂಗಳ ಸಂಜೆ ಸಿಡಿಲಿಗೆ ಆ ಪಿಸಿ ಸುಟ್ಟುಹೋಯಿತು. ಡೇಟಾದ ಬ್ಯಾಕಪ್ ಇತ್ತು. ಆದರೂ ಹೊಸ ಪಿಸಿಯಲ್ಲಿ ಎಲ್ಲ ಮೊದಲಿನಂತೆ ಆಗಲು ಎರಡು ದಿನ ಹಿಡಿಯಿತು. ಯಾವ ವರ್ಷನ್ ಹಾಕಿದ್ದೆ, ಯಾವ ಫೈಲಿನಲ್ಲಿ ಏನು ತಿದ್ದಿದ್ದೆ ಅನ್ನುವುದು ಎಲ್ಲೂ ಬರೆದಿರಲಿಲ್ಲ. ಸೊಸೈಟಿಯವರು ಆ ಎರಡು ದಿನ ಕಾಗದದ ರಿಜಿಸ್ಟರಿನಲ್ಲೇ ಬರೆದರು. ಆಮೇಲೆ ನಾನು ಡಾಕರ್‌ಗೆ ಬಂದೆ. ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಎಲ್ಲದರ ಜೊತೆ ಒಂದೇ ಪೊಟ್ಟಣವಾಗಿ ಕಟ್ಟಿ ಓಡಿಸುವ ಸಾಧನ ಅದು. ಆ ಪೊಟ್ಟಣಕ್ಕೆ ಇಮೇಜ್ ಅನ್ನುತ್ತಾರೆ, ಅದು ಓಡುತ್ತಿರುವಾಗ ಕಂಟೇನರ್.

ಕಂಟೇನರ್ ಅಂದರೆ ಒಳಗೊಂದು ಬೇರೆ ಕಂಪ್ಯೂಟರ್ ಅಲ್ಲ. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು, ಒಂದೇ, ಹೊರಗಿನ ಲಿನಕ್ಸ್‌ನದ್ದೇ. ನೇಮ್‌ಸ್ಪೇಸ್ ಅನ್ನುವ ಬೇಲಿಗಳಿಂದಾಗಿ ಒಳಗಿನ ಪ್ರೋಗ್ರಾಮಿಗೆ ತನ್ನ ಫೈಲು, ತನ್ನ ಪ್ರೋಸೆಸ್, ತನ್ನ ನೆಟ್‌ವರ್ಕ್ ಮಾತ್ರ ಕಾಣುತ್ತದೆ. ಎಷ್ಟು ಮೆಮೊರಿ ತಿನ್ನಬಹುದು ಅನ್ನುವ ಮಿತಿಯನ್ನು ಸಿಗ್ರೂಪ್ ನೋಡಿಕೊಳ್ಳುತ್ತದೆ. ಒಳಗೆ ಇರುವುದು ನಾವು ಇಮೇಜ್‌ಗೆ ಹಾಕಿದ್ದು ಮಾತ್ರ. ಈ ಕೊನೆಯ ಮಾತನ್ನು ನಾನು ಎಷ್ಟೋ ಸಲ ಓದಿದ್ದೆ. ಸರಿಯಾಗಿ ಅರ್ಥವಾಗಿದ್ದು ಸೊಸೈಟಿಯಲ್ಲಿ ಓಡಿಸಿದ ಮೇಲೆ.

ಮೊದಲ ಸಂಜೆಯೇ ಸ್ಲಿಪ್ಪಿನಲ್ಲಿ ಅಕ್ಷರದ ಬದಲು ಸಾಲು ಸಾಲು ಖಾಲಿ ಚೌಕ ಬಂತು. ಅಂಕಿ ಮಾತ್ರ ಸರಿ ಇತ್ತು. ಹಳೆಯ ಪಿಸಿಯಲ್ಲಿ ಕನ್ನಡ, ಮಲಯಾಳದ ಫಾಂಟ್ ಯಾವತ್ತೋ ಹಾಕಿದ್ದು ಇತ್ತು, ಪಿಡಿಎಫ್ ಅದನ್ನೇ ಬಳಸುತ್ತಿತ್ತು. ನಾನು ಇಮೇಜ್ ಕಟ್ಟಿದ್ದು ಆಲ್ಪೈನ್ ಲಿನಕ್ಸ್ ಮೇಲೆ. ಅದು ತುಂಬ ಚಿಕ್ಕದು, ಹಾಗಾಗಿ ಅದರಲ್ಲಿ ನಮ್ಮ ಫಾಂಟ್ ಇರುವುದಿಲ್ಲ. ನೋಟೋ ಕನ್ನಡ, ನೋಟೋ ಮಲಯಾಳಂ ಎರಡನ್ನೂ ಸೇರಿಸಿ ಮತ್ತೆ ಬಿಲ್ಡ್ ಮಾಡಿದೆ. ಕಣ್ಣಿಗೆ ಕಾಣುವ ತಪ್ಪು, ಅರ್ಧ ಗಂಟೆಯಲ್ಲಿ ಸರಿಯಾಯಿತು.

ಕಣ್ಣಿಗೆ ಕಾಣದ್ದು ಇನ್ನೊಂದಿತ್ತು. ನಾಲ್ಕು ದಿನ ಕಳೆದು ಸೆಕ್ರೆಟರಿ ಅಕ್ಕ ಫೋನ್ ಮಾಡಿದರು. "ತಮ್ಮಾ, ಕೆಲವರಿಗೆ ಬೆಳಗ್ಗೆಯದ್ದು ನಿನ್ನೆಯ ತಾರೀಕಿಗೆ ಬಂದಿದೆ. ಇವತ್ತಿನದ್ದು ಇಲ್ಲವೇ ಇಲ್ಲ. ನೀನೊಮ್ಮೆ ಬಂದು ನೋಡು" ಅಂದರು. ಹೋಗಿ ನೋಡಿದರೆ ಎಲ್ಲರಿಗೂ ಹಾಗಾಗಿರಲಿಲ್ಲ. ಹತ್ತು ಹನ್ನೆರಡು ಜನರಿಗೆ ಮಾತ್ರ, ಅದೂ ದಿನಾ ಹೆಚ್ಚುಕಮ್ಮಿ ಅದೇ ಜನರಿಗೆ. ಅವರ ಖಾತೆ ನೋಡಿದೆ, ದನ ಎಷ್ಟು ಅಂತ ನೋಡಿದೆ, ಏನೂ ಹೊಳೆಯಲಿಲ್ಲ. ಅಕ್ಕ ಪಕ್ಕದಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದವರು, "ಇವರೆಲ್ಲ ಬೇಗ ಬರುವವರು, ಐದು ಗಂಟೆಗೆ ಬಾಗಿಲು ತೆಗೆಯುವಾಗಲೇ ಕ್ಯಾನ್ ಹಿಡಿದು ನಿಂತಿರುತ್ತಾರೆ" ಅಂದರು.

ಐದು ಗಂಟೆ ಅಂದ ಕೂಡಲೇ ಗೊತ್ತಾಯಿತು. ಕಂಟೇನರಿನ ಗಡಿಯಾರ ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿ ಓಡುತ್ತಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಬೆಳಗ್ಗೆ 5:30 ಆಗುವವರೆಗೆ ಅಲ್ಲಿ ತಾರೀಕು ಬದಲಾಗುವುದೇ ಇಲ್ಲ. 5:10ಕ್ಕೆ ಅಳೆದ ಹಾಲು ನಿನ್ನೆಯ ಲೆಕ್ಕಕ್ಕೆ, 5:35ಕ್ಕೆ ಅಳೆದದ್ದು ಇವತ್ತಿನದ್ದಕ್ಕೆ. ಎಲ್ಲರಿಗಿಂತ ಬೇಗ ಎದ್ದು ಹಾಲು ಕರೆದು ತರುವವರ ಲೆಕ್ಕವೇ ತಪ್ಪಿತ್ತು. ಅದು ನನಗೆ ತುಂಬ ಬೇಸರವಾದ ವಿಷಯ.

ಕಂಟೇನರನ್ನು ಹೇಗೆ ಓಡಿಸಬೇಕು ಅಂತ ಬರೆದಿಡುವ ಕಂಪೋಸ್ ಫೈಲಿನಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಅಂತ ಬರೆದು ಮತ್ತೆ ಶುರು ಮಾಡಿದೆ. ಏನೂ ಬದಲಾಗಲಿಲ್ಲ! ಆಲ್ಪೈನ್‌ನಲ್ಲಿ ಬೇರೆ ಬೇರೆ ಊರಿನ ಸಮಯದ ಮಾಹಿತಿ ಇರುವ ಟಿಝಡ್‌ಡೇಟಾ ಪ್ಯಾಕೇಜ್ ತಾನಾಗಿ ಇರುವುದಿಲ್ಲ. ನನ್ನ ಪ್ರೋಗ್ರಾಂ ಗೋ ಭಾಷೆಯದ್ದು. ಕೋಲ್ಕತಾ ಅಂದರೆ ಎಷ್ಟು ಗಂಟೆ ಅಂತ ನೋಡಲು ಅದಕ್ಕೆ ಆ ಪ್ಯಾಕೇಜಿನ ಫೈಲು ಬೇಕು. ಸಿಗದಿದ್ದರೆ ತಕರಾರು ಮಾಡದೆ ಯುಟಿಸಿಯಲ್ಲೇ ಮುಂದುವರಿಯುತ್ತದೆ. ಪ್ಯಾಕೇಜ್ ಹಾಕಿದೆ, ಸರಿಯಾಯಿತು. ಪ್ರತಿ ಅಳತೆಯ ಪೂರ್ತಿ ಸಮಯ ಡೇಟಾಬೇಸಿನಲ್ಲಿ ಬೇರೆಯಾಗಿ ಉಳಿದಿತ್ತು. ಅದರಿಂದಲೇ ನಾಲ್ಕು ದಿನದ ತಾರೀಕು ತಿದ್ದಿದೆವು. ಅಕ್ಕ ಒಬ್ಬೊಬ್ಬರ ಹೆಸರು ಓದುತ್ತಾ ಹೋದರು, ನಾನು ಪರದೆಯಲ್ಲಿ ತಾಳೆ ನೋಡಿದೆ.

ಉಳಿದದ್ದು ಚಿಕ್ಕಪುಟ್ಟದ್ದು, ಆದರೂ ಹೇಳುತ್ತೇನೆ. ಡಾಕರ್ ಮಾಮೂಲಿಯಾಗಿ ಲಾಗ್ (ಪ್ರೋಗ್ರಾಮಿನ ದಿನಚರಿ) ಬರೆಯುವ ರೀತಿಗೆ ಗಾತ್ರದ ಮಿತಿ ಇಲ್ಲ. ಮಿತಿ ಹಾಕದಿದ್ದರೆ ಒಂದು ದಿನ ಡಿಸ್ಕ್ ತುಂಬುತ್ತದೆ. ನಾನು ಒಂದು ಫೈಲಿಗೆ 10 ಎಂಬಿ, ಒಟ್ಟು ಮೂರು ಫೈಲು ಅಂತ ಇಟ್ಟಿದ್ದೇನೆ. ಕರೆಂಟು ಹೋಗಿ ಬಂದಾಗ ತಾನಾಗಿ ಏಳಲಿ ಅಂತ ರೀಸ್ಟಾರ್ಟ್ ಪಾಲಿಸಿಯೂ ಇದೆ. ನಮ್ಮಲ್ಲಿ ಮಳೆಗಾಲದಲ್ಲಿ ಅದು ಇಲ್ಲದೆ ಆಗುವುದಿಲ್ಲ ಅಲ್ವಾ. ಡೇಟಾಬೇಸ್ ನಡೆಸುವ ಪೋಸ್ಟ್‌ಗ್ರೆಸ್‌ನ ಇಮೇಜ್‌ಗೆ ಮಾತ್ರ ಯಾವತ್ತೂ 'ಲೇಟೆಸ್ಟ್' ಅಂತ ಬರೆಯಬೇಡಿ. ಒಂದು ದಿನ ಸುಮ್ನೆ ಪುಲ್ ಮಾಡಿದರೆ (ಇಮೇಜ್ ಇಳಿಸಿಕೊಂಡರೆ) ಹೊಸ ಮೇಜರ್ ವರ್ಷನ್ ಬಂದು ಕೂರುತ್ತದೆ. ಅದು ಹಳೆಯ ಡೇಟಾ ಫೈಲನ್ನು ಓದುವುದಿಲ್ಲ, ಶುರುವೇ ಆಗುವುದಿಲ್ಲ. ವರ್ಷನ್ ನಂಬರ್ ಬರೆದೇ ಇಡಿ. ಡೇಟಾವನ್ನು ಕಂಟೇನರಿನ ಹೊರಗೆ ಉಳಿಯುವ ವಾಲ್ಯೂಮ್‌ನಲ್ಲಿ ಇಡಿ. ಇಲ್ಲದಿದ್ದರೆ ಕಂಟೇನರ್ ಅಳಿಸಿದಾಗ ಅದೂ ಹೋಗುತ್ತದೆ.

ಈಗ ಹೊಸ ಇಮೇಜ್ ಕಟ್ಟಿದಾಗಲೆಲ್ಲ ಎರಡು ಪರೀಕ್ಷೆ ತಾನಾಗಿ ಓಡುತ್ತದೆ. ಎರಡೂ ಲಿಪಿಯಲ್ಲಿ ಒಂದೊಂದು ಸ್ಲಿಪ್, ಆಮೇಲೆ ಬೆಳಗ್ಗೆ 5:10ರ ಒಂದು ಅಳತೆ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹಾಕಿ ಇಡೀ ಸೊಸೈಟಿಯನ್ನು ಎಬ್ಬಿಸಿ ನೋಡುತ್ತೇನೆ. ಕಳೆದ ಸಲ ಇಪ್ಪತ್ತು ನಿಮಿಷ ಸಾಕಾಯಿತು.