ವ್ಯಾಪಾರ ಒಪ್ಪಂದದ ಸುದ್ದಿ: ಮಂಡ್ಯದಲ್ಲಿ ಕೂತು ಓದುವ ಬಗೆ

ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೊರಟ ಮದ್ದೂರಿನ ರೈತನಿಗೂ ದೆಹಲಿಯಲ್ಲಿ ನಡೆಯುವ ಒಪ್ಪಂದಕ್ಕೂ ಏನು ನಂಟು? ಪತ್ರಿಕೆಯನ್ನು ಹೀಗೆ ಓದಿದರೆ ತಿಳಿಯುತ್ತದೆ.

1. ಮೊದಲು, ಒಪ್ಪಂದದಿಂದ ಕೈಬಿಟ್ಟದ್ದೇನು ಎಂದು ಹುಡುಕಿ. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಲ್ಲಿ ಕುರಿಮಾಂಸ, ವೈನ್‌ಗೆ ಸುಂಕದ ರಿಯಾಯಿತಿ ಸಿಕ್ಕಿತು. ಹಾಲಿನ ಉತ್ಪನ್ನಗಳಿಗೆ ಸಿಗಲಿಲ್ಲ. 2019ರ ನವೆಂಬರ್‌ನಲ್ಲಿ ಭಾರತ ಆರ್‌ಸಿಇಪಿ (ಚೀನಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೊದಲಾದ ದೇಶಗಳ ವ್ಯಾಪಾರ ಒಪ್ಪಂದ) ಮಾತುಕತೆಯಿಂದ ಎದ್ದು ಬಂದದ್ದಕ್ಕೆ ನ್ಯೂಜಿಲೆಂಡ್ ಹಾಲಿನ ಭಯವೂ ಒಂದು ಕಾರಣ. ‘ಆತ್ಮನಿರ್ಭರ ಭಾರತ’ ಘೋಷಣೆ ಕೇಳಿಬಂದದ್ದು 2020ರ ಮೇ ತಿಂಗಳಲ್ಲಿ. ಬೇಲಿ ಮೊದಲೇ ಇತ್ತು, ಹೆಸರು ಆಮೇಲೆ ಬಂತು!

2. ಬೇಲಿ ಯಾರನ್ನು ತಡೆಯುತ್ತಿದೆ ನೋಡಿ. ಹಾಲಿಗೆ ಅದು ಹೊರಗಿನವರನ್ನು ತಡೆಯುತ್ತದೆ. ಸಕ್ಕರೆಗೆ? 2022ರ ಜೂನ್‌ನಿಂದ ರಫ್ತಿಗೇ ಮಿತಿ ಬಿತ್ತು. ನಮ್ಮ ಜನಕ್ಕೆ ಮೊದಲು ಸಾಲಬೇಕು, ಬೆಲೆ ಏರಬಾರದು ಎಂಬುದೂ ಸ್ವಾವಲಂಬನೆಯೇ. ಆದರೆ ಹೊರದೇಶದಲ್ಲಿ ಒಳ್ಳೆಯ ಬೆಲೆ ಇದ್ದಾಗ ಬಾಗಿಲು ಮುಚ್ಚಿದರೆ ಕಾರ್ಖಾನೆಗೆ ಕಾಸು ತಡವಾಗುತ್ತದೆ, ಕಬ್ಬಿನ ಬಾಕಿಯ ಮಾತು ಆಗಲೇ ಏಳುವುದು. ಹಟ್ಟಿಯಲ್ಲಿ ಹಸು, ಗದ್ದೆಯಲ್ಲಿ ಕಬ್ಬು ಇಟ್ಟುಕೊಂಡ ಮನೆಗೆ ಒಂದೇ ನೀತಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುತ್ತದೆ. ಸಚಿವರ ಹೇಳಿಕೆಗಳಲ್ಲಿ ಈ ಎರಡನೆಯ ಕೈ ಕಾಣುವುದು ಅಪರೂಪ.

3. ಕೊರತೆಯ ಸರಕನ್ನೂ ಗಮನಿಸಿ. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. ಹಾಗಿದ್ದೂ 2020ರ ಜನವರಿಯಲ್ಲಿ, ಮಲೇಷ್ಯಾದ ಪ್ರಧಾನಿ ಕಾಶ್ಮೀರದ ಬಗ್ಗೆ ಆಡಿದ ಮಾತಿನ ಬೆನ್ನಲ್ಲೇ, ಸಂಸ್ಕರಿಸಿದ ತಾಳೆ ಎಣ್ಣೆಯ ಆಮದಿಗೆ ಭಾರತ ನಿರ್ಬಂಧ ಹಾಕಿತು. ಕೊರತೆ ಇದ್ದರೂ ಭಾರತದಂಥ ದೊಡ್ಡ ಗಿರಾಕಿ ಅಂಗಡಿ ಬದಲಿಸಬಲ್ಲ.

4. ಕೊನೆಗೆ, ಎದುರಿನವರ ದೂರು ಓದಿ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ 2019ರಲ್ಲಿ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಗೆ ಹೋದದ್ದು ನಮ್ಮ ಕಬ್ಬಿನ ಬೆಲೆಯ ಮೇಲೆಯೇ, ಅದು ಮಿತಿ ಮೀರಿದ ಸರ್ಕಾರಿ ನೆರವು ಎಂದು. ಬೆಲೆ ಕೊಡುವುದು ಕಾರ್ಖಾನೆ, ಸರ್ಕಾರವಲ್ಲ ಎಂದು ಭಾರತ ವಾದಿಸಿತು. 2021ರ ಡಿಸೆಂಬರ್‌ನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿತು. ಅದನ್ನು ಕೇಳಬೇಕಾದ ಪೀಠಕ್ಕೆ ಸದಸ್ಯರ ನೇಮಕವನ್ನು ಅಮೆರಿಕ ತಡೆದದ್ದರಿಂದ 2019ರ ಡಿಸೆಂಬರ್‌ನಿಂದಲೇ ಅದು ನಿಂತುಹೋಗಿತ್ತು. ಕಡತ ಜಿನೀವಾದಲ್ಲಿ ಕೂತಿತು, ಇಲ್ಲಿ ಎಫ್‌ಆರ್‌ಪಿ (ಕಬ್ಬಿಗೆ ಕಾರ್ಖಾನೆ ಕೊಡಲೇಬೇಕೆಂದು ಕೇಂದ್ರ ಗೊತ್ತುಮಾಡುವ ಕನಿಷ್ಠ ಬೆಲೆ) ವರ್ಷಾವರ್ಷ ಪ್ರಕಟವಾಗುತ್ತಾ ಬಂತು.