ವೈ ಒತ್ತುವ ಮುನ್ನ

ಮುಂಬೈಯ ಮುಲುಂಡ್‌ನಲ್ಲಿ ನಾವು ಕೆಲವು ಕನ್ನಡಿಗರು ಸೇರಿ ನಡೆಸುವ ಪುಟ್ಟ ಗ್ರಂಥಾಲಯದಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದರಲ್ಲಿರುವುದು ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ. ಪುಸ್ತಕಗಳ ಪಟ್ಟಿ, ಯಾರು ಯಾವುದನ್ನು ಒಯ್ದರೆಂಬ ಲೆಕ್ಕ ಎಲ್ಲವೂ ನಾನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದೇ ವೆಬ್ ಪುಟದಲ್ಲಿ.

2023ರ ಜೂನ್‌ನಲ್ಲಿ ಡೆಬಿಯನ್ 12 ಹೊರಬಂತು. ಹಳಿ ದುರಸ್ತಿಗೆಂದು ರೈಲು ಓಡಾಟ ಕಡಿತಗೊಳ್ಳುವ ಮೆಗಾ ಬ್ಲಾಕ್ ಇದ್ದ ಒಂದು ಭಾನುವಾರ, ಲೋಕಲ್ ತಪ್ಪೀತೆಂಬ ಆತುರದಲ್ಲಿ ಇಡೀ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವ 'ಆಪ್ಟ್ ಫುಲ್-ಅಪ್‌ಗ್ರೇಡ್' ಆದೇಶ ಕೊಟ್ಟು, ಪರದೆಯ ಮೇಲೆ ಸುರಿದ ಪ್ಯಾಕೇಜುಗಳ (ತಂತ್ರಾಂಶದ ಕಟ್ಟುಗಳ) ಹೆಸರುಗಳನ್ನು ಓದದೆ, ಒಪ್ಪಿಗೆಯೆಂದು ವೈ ಒತ್ತಿದೆ. ಮರುವಾರ ಓದುಗರಿಗೆ ಬ್ರೌಸರ್‌ನಲ್ಲಿ ಕಂಡದ್ದು ಪುಸ್ತಕಗಳ ಹೆಸರಲ್ಲ, ನನ್ನ ಕೋಡ್! ಡೇಟಾಬೇಸ್‌ನ ಪಾಸ್‌ವರ್ಡ್ ಕೂಡ ಅದರಲ್ಲೇ ಇತ್ತು. ಆಪ್ಟ್‌ನ ಹಿಸ್ಟರಿ ಲಾಗ್ ತೆರೆದು ನೋಡಿದೆ. ಪುಟಗಳನ್ನು ಬ್ರೌಸರ್‌ಗೆ ಕಳಿಸುವ ಅಪಾಚೆ ಸರ್ವರ್‌ನಲ್ಲಿ ನನ್ನ ಕೋಡನ್ನು ಓಡಿಸುತ್ತಿದ್ದ ಪಿಎಚ್‌ಪಿ 7.4 ಮಾಡ್ಯೂಲ್ 'ರಿಮೂವ್' ಸಾಲಿನಲ್ಲಿ ತಣ್ಣಗೆ ಕುಳಿತಿತ್ತು. ಒಪ್ಪಿಗೆ ಕೊಟ್ಟವನು ನಾನೇ.

ಬರೀ 'ಆಪ್ಟ್ ಅಪ್‌ಗ್ರೇಡ್' ಇರುವ ಪ್ಯಾಕೇಜನ್ನು ಕಿತ್ತುಹಾಕುವುದಿಲ್ಲ. ಫುಲ್-ಅಪ್‌ಗ್ರೇಡ್‌ಗೆ ಆ ಅಧಿಕಾರವಿದೆ. ಹಾಗಾಗಿ ವಾರವಾರದ ಕೆಲಸಕ್ಕೆ ಮೊದಲನೆಯದೇ ಸಾಕು. ಎರಡನೆಯದು ಬೇಕಾದಾಗ ಮೊದಲು 'ಮೈನಸ್ ಎಸ್' ಸೇರಿಸಿ ಓಡಿಸುತ್ತೇನೆ. ಅದು ಬರೀ ನಾಟಕ, ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ಹೊಸದಾಗಿ ಬರುವವುಗಳ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಸಾಕು, ಹೋಗುವವುಗಳನ್ನು ಮಾತ್ರ ಒಂದೊಂದಾಗಿ ಓದಬೇಕು. ನಾನು ತಿದ್ದಿದ ಸಂರಚನಾ ಕಡತವನ್ನು (ಸೆಟ್ಟಿಂಗ್‌ಗಳಿರುವ ಫೈಲನ್ನು) ಬದಲಿಸಲೇ ಎಂದು ಕೇಳಿದಾಗ ಬರೀ ಎಂಟರ್ ಒತ್ತಿದರೆ ನನ್ನ ಹಳೆಯದೇ ಉಳಿಯುತ್ತದೆ. ಆದರೂ ಡಿ ಒತ್ತಿ ವ್ಯತ್ಯಾಸ ನೋಡುತ್ತೇನೆ. ಮನೆಯಿಂದ ಎಸ್‌ಎಸ್‌ಎಚ್ ಎಂಬ ದೂರ ಸಂಪರ್ಕದ ಮೂಲಕ ಮಾಡುವುದಾದರೆ, ಸಂಪರ್ಕ ಕಡಿದರೂ ಕೆಲಸ ನಡೆಸಿಕೊಂಡು ಹೋಗುವ ಟಿಮಕ್ಸ್ ಒಳಗೇ. ಮಳೆಗಾಲದಲ್ಲಿ ಇಂಟರ್ನೆಟ್ ನಡುವೆ ಕೈಕೊಟ್ಟರೂ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ. ಭದ್ರತೆಯ ಪರಿಷ್ಕರಣೆಗಳನ್ನು ತಾನಾಗಿಯೇ ಹಾಕಿಕೊಳ್ಳುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್‌ಗೆ ಬಿಟ್ಟಿದ್ದೇನೆ. ಅವನ್ನು ಭಾನುವಾರದವರೆಗೆ ಕಾಯಿಸುವುದು ಸರಿಯಲ್ಲ.

2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂದಾಗ ಹೋಗುವವುಗಳ ಪಟ್ಟಿಯನ್ನು ಮುದ್ರಿಸಿ, ಪೆನ್ಸಿಲ್ ಹಿಡಿದು ಓದಿದೆ. ಈ ಬಾರಿ ಪಿಎಚ್‌ಪಿ 8.2ರ ಮಾಡ್ಯೂಲ್ ಹೊರಡಲು ಸಿದ್ಧವಾಗಿತ್ತು. ಅಂದು ಮುಂದುವರಿಯದೆ, ಪ್ಯಾಕೇಜುಗಳು ಯಾವ ಆವೃತ್ತಿಯಿಂದ ಬರಬೇಕೆಂದು ಹೇಳುವ ಸೋರ್ಸಸ್ ಕಡತವನ್ನು ಮೊದಲಿನಂತೆ ಮಾಡಿಟ್ಟು, ಡೇಟಾಬೇಸನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಮನೆಗೆ ಬಂದೆ. ಲ್ಯಾಪ್‌ಟಾಪ್‌ನ ವರ್ಚುವಲ್ ಯಂತ್ರದಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ತೋರಿಕೆಯ ಕಂಪ್ಯೂಟರಿನಲ್ಲಿ, ಪಿಎಚ್‌ಪಿ 8.4 ಹಾಕಿ ಪುಟವನ್ನು ಓಡಿಸಿದೆ. ಎರಡು ಸಾಲುಗಳು ತಕರಾರು ತೆಗೆದವು, ತಿದ್ದಿದೆ. ಮುಂದಿನ ಭಾನುವಾರ ಓದುಗರು ಬರುವ ಹೊತ್ತಿಗೆ ಹೊಸ ಮಾಡ್ಯೂಲ್ ಕೂತಿತ್ತು, ಪಟ್ಟಿ ತೆರೆದುಕೊಂಡಿತ್ತು. ಪಾಸ್‌ವರ್ಡ್ ಈಗ ಬೇರೆ ಕಡತದಲ್ಲಿದೆ.